ಬಾವಿ ನೀರಿನ ತಾಮ್ರ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹೀಗಾಗಿ ಓದಿದವರನ್ನು ಹೀಯಾಳಿಸುವುದು ನನಗೆ ಸಲೀಸು. ತಂಗಿ ವಿಶ್ವವಿದ್ಯಾಲಯದಲ್ಲಿ ತಾಮ್ರದ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ತಿಳಿದಾಗ, ಸವಣೂರಿನ ನಮ್ಮ ಎಲೆತೋಟದಲ್ಲಿ ಮೊದಲು ನಕ್ಕವನು ನಾನೇ.

ಅವಳ ಮಾತು ಸರಳವಾಗಿತ್ತು. ತಾಮ್ರದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆಯ ಪರಮಾಣುಗಳಿವೆಯಂತೆ. ಯಾವುದು ಎಷ್ಟಿದೆ ಎಂದು ಅಳೆದರೆ, ಬಾವಿ ನೀರಿಗೆ ತಾಮ್ರ ನೆಲದಡಿಯ ಕಲ್ಲಿನಿಂದ ಬಂತೋ, ವೀಳ್ಯದೆಲೆ ಬಳ್ಳಿಗೆ ನಾವು ಸುಣ್ಣದ ಜೊತೆ ಹೊಡೆಯುವ ಮೈಲುತುತ್ತದಿಂದ ಬಂತೋ ತಿಳಿಯುತ್ತದಂತೆ.

"ಅಂದ್ರ ನೀರಿನ ಕುಲಗೋತ್ರ ಕೇಳಾಕಿ ನೀನು," ಎಂದೆ.

"ಹೂಂ ಅಣ್ಣಾ. ನೀರು ಸುಳ್ಳು ಹೇಳಂಗಿಲ್ಲ. ಮನುಷ್ಯಾರಂಗಲ್ಲ."

ವಾರಕ್ಕೊಮ್ಮೆ ತೋಟದ ಬಾವಿಯಿಂದ ನೀರು ಸೇದಿ, ಅವಳು ತೊಳೆದು ಕೊಟ್ಟ ಬಾಟಲಿಗೆ ತುಂಬುವ ಕೆಲಸ ನನ್ನದಾಯಿತು. ಅದಕ್ಕೊಂದು ಪ್ಲಾಸ್ಟಿಕ್ ಬಕೆಟ್ಟು, ನೈಲಾನ್ ಹಗ್ಗ ಕೊಟ್ಟಳು. ಲೋಹ ಸೋಕಬಾರದು. ಯಾವುದರಲ್ಲಿ ಸೇದಿದೆ ಎಂದು ಪ್ರತಿ ವಾರ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಆ ಬಕೆಟ್ಟು ನಮ್ಮ ಬಚ್ಚಲಿನದರ ಹಾಗೆಯೇ ಇತ್ತು. ಅಷ್ಟು ದೊಡ್ಡ ಓದಿಗೆ ಬಚ್ಚಲ ಬಕೆಟ್ಟಿನ ನೀರೇ? ನಮ್ಮಲ್ಲಿ ದೇವರ ನೀರು ತರುವುದು ತಾಮ್ರದ ಕೊಡದಲ್ಲಿ. ಅದನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಅದರಲ್ಲೇ ಸೇದಿದೆ. ತಾಮ್ರ ಹುಡುಕುವ ನೀರನ್ನು ತಾಮ್ರದಲ್ಲಿ ಸೇದಿದ ಜಾಣ ಈ ಸುತ್ತಿನ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಕೆಲವು ವಾರ ಕೊಡ, ಮನಸ್ಸಾದರೆ ಬಕೆಟ್ಟು. ಪುಸ್ತಕದಲ್ಲಿ ಮಾತ್ರ ಪ್ರತಿ ವಾರವೂ ದುಂಡಗೆ ಬರೆದೆ: ಪ್ಲಾಸ್ಟಿಕ್.

ಅವಳಿಗೆ ಸಿಕ್ಕ ಅಳತೆ ನೆಲದಡಿಯ ಕಲ್ಲಿಗೂ ಹೊಂದಲಿಲ್ಲ, ಮೈಲುತುತ್ತಕ್ಕೂ ಹೊಂದಲಿಲ್ಲ. ತಂಗಿ ಊರಿಗೆ ಬಂದು ಕೇಳಿದಳು, "ಅಣ್ಣಾ, ಕೊಡ, ತಂಬಿಗಿ ಏನರ ಮುಟ್ಟಿಸಿದ್ಯೇನು?"

ತಪ್ಪು ಆ ಕ್ಷಣವೇ ಹೊಳೆಯಿತು. ಬಾಯಿಗೆ ಬಂದದ್ದು ಬೇರೆ. "ನನ್ನೇನು ದಡ್ಡ ಅಂತ ತಿಳದೀಯೇನು? ಬರದದ್ದು ನೋಡು."

ನೋಡಿದಳು, ನಂಬಿದಳು. ಹಾಗಾದರೆ ಯಾರಿಗೂ ಗೊತ್ತಿಲ್ಲದ ಕಲ್ಲೊಂದು ಈ ಸೀಮೆಯಲ್ಲಿರಬೇಕು ಎಂದು ಹುಡುಕಲು ಹೊರಟಳು. ಇಡೀ ಬೇಸಿಗೆ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಶಿಗ್ಗಾಂವಿಯ ದಿನ್ನೆ, ಆಡೂರಿನ ಹೊಲ, ತಿಳವಳ್ಳಿ ದಾಟಿ ಹಿರೇಕೆರೂರಿನ ಗುಡ್ಡದವರೆಗೂ ತಿರುಗಿಸಿದೆ. ನಮ್ಮ ಅಡುಗೆಮನೆಯ ಕೊಡವನ್ನು ಅವಳು ಗುಡ್ಡಗಳಲ್ಲಿ ಹುಡುಕುತ್ತಿದ್ದಳು. ಕಲ್ಲಿನ ಚೀಲ ಹೊರುತ್ತಿದ್ದವನು ನಾನು. ಆಡೂರಿನ ಹತ್ತಿರ ಒಬ್ಬ ಮುದುಕ, "ಏನ್ ಯವ್ವಾ, ಹೊಲದಾಗಿನ ಕಲ್ಲು ತಗದು ಒಗದು ನಮಗ ಸಾಕಾಗೇತಿ, ನೀವು ಆರಿಸ್ಕೊಂಡು ಹೊಂಟೀರಲ್ಲ!" ಎಂದು ನಕ್ಕ. ನಾನೂ ನಕ್ಕೆ. ಆ ನಗು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಆ ಕಾಣದ ಕಲ್ಲಿನ ಬಗ್ಗೆ ತನ್ನ ಪ್ರಬಂಧದಲ್ಲಿ ಬರೆದು ಮುಂದಿನ ವಾರ ಗುರುಗಳ ಕೈಗೆ ಕೊಡುತ್ತೇನೆ ಎಂದು ಅವಳು ಹೇಳಿದಾಗ, ನಾನು ಕೊಡದ ಸಂಗತಿ ಬಾಯಿ ಬಿಟ್ಟೆ. ಬೈಗುಳಕ್ಕೆ ತಯಾರಾಗಿದ್ದೆ. ಅವಳು ನೋಟ್‌ಬುಕ್ಕು ತೆರೆದು, ಪೆನ್ನು ಹಿಡಿದು ಕುಳಿತಳು.

"ಯಾವ ಯಾವ ವಾರ ಕೊಡ, ಹೇಳು. ಉಳದದ್ದನ್ನರ ಉಳಿಸ್ಕೊಳ್ತೇನಿ."

"ನೆನಪಿಲ್ಲ, ಯವ್ವಾ."

"ಒಂದ್ ವಾರದ್ದಾದ್ರೂ ನೆನಪೈತೇನು?"

ಅದೂ ಇರಲಿಲ್ಲ. ಅವಳು ಮೊದಲ ಪುಟದಿಂದ ಶುರು ಮಾಡಿ, ನನ್ನ ಬರಹದ ಮೇಲೆ ಒಂದೊಂದೇ ಗೀಟು ಎಳೆಯುತ್ತ ಹೋದಳು. ಸರಿಯಾಗಿ ಸೇದಿದ ವಾರಗಳೂ ಅದರಲ್ಲೇ ಹೋದವು.