ಲಾರಿ, ಟ್ರಕ್ಕು ಮತ್ತು ಹಿಂದಕ್ಕೆ ಸರಿಯದ ಮದುಮಗಳು

ನನ್ನ ಇಂಗ್ಲಿಷನ್ನು ಕೆಡಿಸಿದವನು ಒಬ್ಬ ಅಮೆರಿಕದ ಹುಡುಗ ಎಂದು ನಮ್ಮ ಹೆಡ್ ಮಾಸ್ತರರು ಕಡೆಯವರೆಗೂ ಹೇಳುತ್ತಿದ್ದರು. ಕೆಡಿಸಲಿಲ್ಲ, ನನ್ನ ಬಾಯಿ ಬಿಡಿಸಿದ ಎಂದು ನಾನು ಈಗಲೂ ವಾದಿಸುತ್ತೇನೆ. ಬಿ.ಎ. ಮುಗಿಸಿದ್ದರೂ ನನ್ನ ಇಂಗ್ಲಿಷ್ ಪುಸ್ತಕದಲ್ಲೇ ಇತ್ತು, ನಾಲಿಗೆಗೆ ಬಂದಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಮೋರಟಗಿಯಲ್ಲಿತ್ತು. ಸುತ್ತಲಿನ ರೈತರಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದಿದ್ದ ಆ ಹುಡುಗ ನಮ್ಮ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ. ಸಂಜೆಯಾದರೆ ನನ್ನ ತಂದೆ, ಅಬ್ಬಾನೊಂದಿಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವನು. ನಾನು ಬಾಗಿಲಲ್ಲಿ ನಿಂತು ಅವನೊಂದಿಗೆ ಜಗಳ ತೆಗೆಯುವೆ. ನಾನು ಲಾರಿ ಎಂದರೆ ಅವನು ಟ್ರಕ್ ಎನ್ನುವನು. ನನ್ನ ಪೆಟ್ರೋಲು ಅವನಿಗೆ ಗ್ಯಾಸು, ನನ್ನ ಬಾನೆಟ್ಟು ಅವನಿಗೆ ಹುಡ್ಡು. ಕಾರಿನ ಹಿಂದಿನ ಡಿಕ್ಕಿಯನ್ನು ಅವನು ಟ್ರಂಕು ಎಂದ ದಿನ ನಾನು ಬಿದ್ದು ಬಿದ್ದು ನಕ್ಕೆ. ನಮ್ಮಲ್ಲಿ ಟ್ರಂಕು ಎಂದರೆ ಗಂಡನ ಮನೆಗೆ ಹೋಗುವ ಹುಡುಗಿಯ ತಗಡಿನ ಪೆಟ್ಟಿಗೆ. ಇಬ್ಬರ ಜಗಳ ಕೇಳಿ ಅಬ್ಬಾ ಬೇಸತ್ತು, ಎತ್ತು ಕಟ್ಟಿದರೆ ಗಾಡಿ, ಕಟ್ಟದಿದ್ದರೆ ಮೋಟಾರು, ಇದಕ್ಕಿಷ್ಟು ಗದ್ದಲ ಯಾಕೆ ಎಂದು ಎದ್ದು ಹೋಗುತ್ತಿದ್ದರು. ಹೀಗೆ ಜಗಳವಾಡುತ್ತಲೇ ನನಗೆ ಇಂಗ್ಲಿಷ್ ಮಾತಾಡಲು ಬಂತು. ಆದರೆ ಬಂದದ್ದು ಅವನ ಇಂಗ್ಲಿಷ್.

ನಾನು ಆಗ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಶಿಕ್ಷಕಿ, ಅಲ್ಲಿಯವರ ಮಾತಿನಲ್ಲಿ ಬಾಯಾರು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಹೆಡ್ ಮಾಸ್ತರರು ಬ್ರಿಟಿಷ್ ದೊರೆಗಳ ಕೈಯಲ್ಲಿ ಕಲಿತವರು. ತರಗತಿಯಲ್ಲಿ ನಾನು ಟ್ರಕ್ ಎಂದರೆ ಅವರಿಗೆ ಊಟದಲ್ಲಿ ಹರಳು ಸಿಕ್ಕಂತೆ ಆಗುತ್ತಿತ್ತು. ಮಾಘದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದು ನನ್ನ ಪಾಠ ನೋಡಿ, ಒಪ್ಪಿದರೆ ಕಾಯಂ, ಒಪ್ಪದಿದ್ದರೆ ಮನೆಗೆ ಎಂದು ಗೊತ್ತಾಗಿತ್ತು. ಮನೆಗೆ ಎಂದರೇನೆಂದು ನನಗೆ ಚೆನ್ನಾಗಿ ತಿಳಿದಿತ್ತು. ಅಮ್ಮನ ಅಕ್ಕ, ನಮ್ಮ ಖಾಲಾ, ನನಗಾಗಿ ಆಗಲೇ ಹೂವಿನ ಚಿತ್ತಾರದ ಟ್ರಂಕು ಕೊಂಡು ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದಳು. ಮದುವೆಯ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಪಾಠ ಹೇಳುವ ಸುಖ ಒಮ್ಮೆ ಹತ್ತಿದ ಮೇಲೆ ಬಿಟ್ಟು ಬರುವುದು ನನ್ನಿಂದ ಸಾಧ್ಯವೇ ಇರಲಿಲ್ಲ.

ಸಾಹೇಬರು ಬರುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ಲಾರಿ, ಲಾರಿ ಎಂದು ಜಪ ಮಾಡುತ್ತ ಕುಳಿತಿದ್ದೆ. ಹಿಂದಿನ ಸೀಟಿನಲ್ಲಿ ಕೋಳಿಮರಿಗಳ ಬುಟ್ಟಿ ಹಿಡಿದುಕೊಂಡು ಆ ಹುಡುಗನೂ ಇದ್ದ. ಹಳ್ಳದ ಸೇತುವೆಯ ಹತ್ತಿರ ಬಸ್ಸು ನಿಂತಿತು. ನಿಂತದ್ದು ನಿಂತೇ ಇತ್ತು. ಇಳಿದು ನೋಡಿದರೆ, ಒಂದೇ ಗಾಡಿ ಹಾಯುವಷ್ಟು ಅಗಲದ ಆ ಸೇತುವೆಯ ನಟ್ಟನಡುವೆ ಎತ್ತು ಹೂಡಿದ ಎರಡು ಸವಾರಿ ಗಾಡಿಗಳು ಮುಖಾಮುಖಿ ನಿಂತಿದ್ದವು. ಎರಡರಲ್ಲೂ ಮದುಮಗಳು. ಈ ಕಡೆಯವಳು ಒಕ್ಕಲಿಗರ ಮನೆಯ ಹುಡುಗಿ, ಮದುವೆಗೆ ಗಂಡಿನ ಊರಿಗೆ ಹೊರಟವಳು. ಆ ಕಡೆಯವಳು ನಮ್ಮವರ ಹುಡುಗಿ, ನಿಕಾಹ್ ಮುಗಿಸಿ ಅತ್ತೆಮನೆಗೆ ಹೊರಟವಳು. ಈ ಕಡೆ ನಮ್ಮ ಬಸ್ಸು, ಲಿಂಬೆಹಣ್ಣು ಹೇರಿದ ಲಾರಿ, ಅದರ ಹಿಂದೆ ಒಂದು ಜೀಪು. ಆ ಕಡೆ ಜೋಳದ ಗಾಡಿಗಳ ಸಾಲು. ಆ ಹುಡುಗ ಕುಣಿಯುವುದೊಂದು ಬಾಕಿ. ನಮ್ಮ ದೇಶಕ್ಕೆ ಬಂದ ಮೇಲೆ ಅವನು ಕಂಡ ಮೊದಲ ಟ್ರಾಫಿಕ್ ಜಾಮ್ ಅದು, ಅದೂ ಎತ್ತುಗಳದ್ದು.

ಗಾಡಿ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಡ್ರೈವರ್ ಒದರಿದ, ಕಂಡಕ್ಟರ್ ಕೈಮುಗಿದ. ಯಾರೂ ಅಲುಗಲಿಲ್ಲ. ಒಕ್ಕಲಿಗರ ಕಡೆಯ ಒಬ್ಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಮದುಮಗಳ ಗಾಡಿ ಹಿಂದಕ್ಕ ಸರಿಯಂಗಿಲ್ಲ. ಸರಿದ್ರ ಅಕಿ ಬಾಳೇನ ಹಿಂದ ಸರೀತೈತಿ,” ಎಂದಳು.

ಆ ಕಡೆಯ ಮುದುಕರೂ ಅದನ್ನೇ ಹೇಳಿದರು. ಈ ಒಂದು ವಿಷಯದಲ್ಲಿ ಎರಡೂ ಕಡೆ ಎಂಥ ಒಗ್ಗಟ್ಟು ಅಂತೀರಿ! ಹೊತ್ತು ಏರುತ್ತಿತ್ತು. ಸಾಹೇಬರು ತರಗತಿಯಲ್ಲಿ ಬಂದು ಕುಳಿತು ನನ್ನ ಖಾಲಿ ಕುರ್ಚಿ ನೋಡುತ್ತಿರಬಹುದು. ಹೆದರಿಕೆ ಹೆಚ್ಚಾದರೆ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. ಸೇತುವೆಯ ಮೇಲೆ ನಡೆದೇ ಬಿಟ್ಟೆ.

“ಹಿಂದಕ್ಕ ಸರಿಬಾರದಾಕಿ ಮದುಮಗಳು ಹೌದಲ್ರಿ ಅಮ್ಮಾ? ಗಾಡಿದೇನ ಮದುವಿ ಐತೇನ್ರಿ?” ಎಂದೆ. “ಇಬ್ರೂ ಇಳದು ಮುಂದಕ್ಕ ನಡೀಲಿ. ಖಾಲಿ ಗಾಡಿ ಹಿಂದಕ್ಕ ದಬ್ರಿ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಂದೇ ಮಾತು: ಮದುಮಗಳ ಕಾಲು ನೆಲಕ್ಕೆ ತಾಗಬಾರದು. ತಗೊಳ್ಳಿ, ಬಂದವರೆಲ್ಲ ಹೆಗಲ ಮೇಲಿನದನ್ನು ತೆಗೆದು ಹಾಸಿದರು. ಧೋತರ, ರುಮಾಲು, ಕಂಬಳಿ, ಆ ಹುಡುಗನ ಹಳದಿ ಟವೆಲು, ಏನೂ ಉಳಿಯಲಿಲ್ಲ. ಇಬ್ಬರು ಹುಡುಗಿಯರೂ ಎದುರುಬದುರು ನಡೆದು ಬಂದರು. ನಡುವೆ ಸಿಕ್ಕಾಗ ಅಜ್ಜಿ ನಮ್ಮವರ ಹುಡುಗಿಯ ಉಡಿ ತುಂಬಿದಳು, ಅಜ್ಜಿಯ ಕಡೆಯ ಹುಡುಗಿಯ ಕೈಗೆ ನಮ್ಮವರು ಖಾರಿಕು ಎನ್ನುವ ಒಣ ಖರ್ಜೂರ, ಸಕ್ಕರೆ ಇಟ್ಟರು. ಇಬ್ಬರೂ ತಲೆ ತಗ್ಗಿಸಿ ನಗುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು, ಅಷ್ಟು ಚಂದ ಇತ್ತು ಅದು.

ಎತ್ತು ಬಿಚ್ಚಿ ಖಾಲಿ ಗಾಡಿಗಳನ್ನು ದಬ್ಬಲು ಹೋದರೆ ಜಾಗವಿಲ್ಲ. ಬಸ್ಸು ಬದಿಗೆ ಸರಿಯಿತು, ಲಾರಿ ಬದಿಗೆ ಸರಿಯಿತು, ಜೀಪು ಮಾತ್ರ ದಾರಿಯ ನಡುವೆ ಅಲ್ಲೇ. ಒಳಗೆ ಕರಿ ಟೊಪ್ಪಿಗೆಯ ಒಬ್ಬ ಹಿರಿಯರು. ನೀರಾವರಿಯ ಎಂಜಿನಿಯರೋ ಏನೋ ಎಂದುಕೊಂಡೆ.

“ಸಾಹೇಬ್ರ, ಜೀಪ್ ಹಿಂದಕ್ಕ ತಗೋರಿ. ನಿಮ್ಮ ಗಾಡ್ಯಾಗ ಯಾವ ಮದುಮಗಳೂ ಕುಂತಿಲ್ಲ,” ಎಂದೆ.

ಅವರು ಟೊಪ್ಪಿಗೆ ಸರಿಮಾಡಿಕೊಂಡರು. ಜೀಪು ಸರಿಯಿತು, ಸೇತುವೆ ಬಿಡುವಾಯಿತು, ಒಂದೊಂದಾಗಿ ಎಲ್ಲವೂ ಹಾಯ್ದವು.

ಶಾಲೆ ಮುಟ್ಟಿ ಏದುಸಿರು ಬಿಡುತ್ತ ತರಗತಿಯೊಳಗೆ ಕಾಲಿಟ್ಟರೆ, ಹೆಡ್ ಮಾಸ್ತರರ ಪಕ್ಕದಲ್ಲಿ ಅದೇ ಕರಿ ಟೊಪ್ಪಿಗೆ! ನೆಲ ಬಾಯಿ ಬಿಡಬಾರದೇ ಅನಿಸಿತು. ಬಿಡಲಿಲ್ಲ. ಇನ್ನು ಮುಚ್ಚುಮರೆ ಏನು ಎಂದುಕೊಂಡು, ಸಿದ್ಧಮಾಡಿದ ಪಾಠ ಬದಿಗಿಟ್ಟು, ಸೇತುವೆಯ ಚಿತ್ರ ಬರೆದು ಅಂದಿನ ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಮಕ್ಕಳು ಬಾಯಿ ತೆರೆದು ಕೇಳಿದರು, ತಾವೇ ಎದ್ದು ಪ್ರಶ್ನೆ ಕೇಳಿದರು. ಹುರುಪಿನಲ್ಲಿ ನನ್ನ ಬಾಯಿಂದ ಟ್ರಕ್ ಜಾರಿತು. ಮಕ್ಕಳೆಲ್ಲ ಒಟ್ಟಾಗಿ ಟ್ರಕ್ ಎಂದರು. ಹೆಡ್ ಮಾಸ್ತರರು ಕೆಮ್ಮಿದರು.

ಲಾರಿಯೋ ಟ್ರಕ್ಕೋ ಎಂದು ಸಾಹೇಬರು ಗಂಭೀರವಾಗಿ ಕೇಳಿದರು. ನಾನೂ ಬಿಡಲಿಲ್ಲ. ಓದಲು ಕಲಿತದ್ದು ಲಾರಿ, ಮಾತಾಡಲು ಕಲಿತದ್ದು ಟ್ರಕ್, ಲಿಂಬೆಹಣ್ಣು ಎರಡರಲ್ಲೂ ಪೇಟೆ ಮುಟ್ಟುತ್ತದೆ ಎಂದೆ.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಹೆಡ್ ಮಾಸ್ತರರ ಕಡೆ ತಿರುಗಿದರು.

“ಮಾಸ್ತರ, ಲಾರಿ, ಟ್ರಕ್ ಅನ್ನೂವು ಬರೇ ಗಾಡಿ. ಬೇಕಾದ್ರ ಹಿಂದಕ್ಕ ತಗೋಬಹುದು, ನಾನೂ ತಗೊಂಡೇನಿ. ಈ ಬಾಯಾರನ್ನ ಮಾತ್ರ ಹಿಂದಕ್ಕ ಕಳಸಾಕ ಬರಂಗಿಲ್ಲ.”

ಮುಂದಿನ ವಾರವೇ ಖಾಲಾನ ಹೂವಿನ ಟ್ರಂಕು ಮೋರಟಗಿಯಿಂದ ಹೊರಟಿತು. ಒಂದು ಬದಿಯ ಹಿಡಿಕೆ ನಾನು ಹಿಡಿದೆ, ಇನ್ನೊಂದನ್ನು ಗೊಣಗುತ್ತ ಗೊಣಗುತ್ತ ಖಾಲಾನೇ ಹಿಡಿದಳು. ತುಂಬ ಪುಸ್ತಕಗಳಿದ್ದವು, ಇಬ್ಬರಿಗೂ ಎತ್ತಲು ಕಷ್ಟವಾಯಿತು. ಕೆಲಸ ಕಾಯಂ ಆಗಿ ಸಿಂದಗಿಯಲ್ಲೇ ಹಿಡಿದ ನನ್ನ ಕೋಣೆಯಲ್ಲಿ ಅದು ಬಹಳ ವರ್ಷ ನನ್ನ ಮೇಜಾಗಿತ್ತು.