ಲೋಟ ಕೇಳದೆ ಬಿಟ್ಟ ಮಾತು

ಆ ಬೇಸಿಗೆ ರಜೆಯಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಮಕ್ಕಳಿಗೆ ಹತ್ತು ದಿನ ಬೈಬಲ್ ಪಾಠ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನನಗಾಗ ಇಪ್ಪತ್ತು ವರ್ಷ. ಟೀಚರ್ ಅನ್ನಿಸಿಕೊಳ್ಳುವ ಆಸೆ ಬೇಕಾದಷ್ಟಿತ್ತು, ತಾಳ್ಮೆ ಮಾತ್ರ ಚಿಟಿಕೆಯಷ್ಟು. ಆ ವರ್ಷದ ವಿಷಯ ಒಳ್ಳೆಯದನ್ನು ತಿಳಿದು ಆರಿಸಿಕೊಳ್ಳುವುದು. ಕೊನೆಯ ದಿನ ಎಲ್ಲರ ಮುಂದೆ ಒಂದು ಮಗು ಕಥೆ ಹೇಳಬೇಕು. ಅದು ಚೆನ್ನಾಗಿ ನಡೆದರೆ ಭಾನುವಾರದ ತರಗತಿ ನಿನಗೇ ಎಂದು ಸಭೆಯ ಹಿರಿಯರು ಹೇಳಿದ್ದರು. ನನಗದು ಬೇಕೇ ಬೇಕಿತ್ತು.

ನಾನು ಹಿಡಿದದ್ದು ಅಬ್ರಹಾಮ ಮತ್ತು ಅವನ ತಮ್ಮನ ಮಗ ಲೋಟನ ಕಥೆ. ಆ ಹೆಸರಿಗೆ ಮಕ್ಕಳು ನಕ್ಕು ಮುಗಿಸಲು ಒಂದು ಇಡೀ ದಿನ ಹಿಡಿಯಿತು. ಇಬ್ಬರ ಕುರಿಗಳೂ ಹೆಚ್ಚುತ್ತವೆ, ಮೇವು ಸಾಲದೆ ಕುರಿ ಕಾಯುವವರು ಜಗಳಕ್ಕೆ ನಿಲ್ಲುತ್ತಾರೆ. ನಿನಗೆ ಬೇಕಾದ ಕಡೆ ನೀನೇ ಮೊದಲು ಆರಿಸಿಕೊ ಎಂದು ಹಿರಿಯನಾದ ಅಬ್ರಹಾಮ ಹೇಳಿದಾಗ, ಲೋಟ ನೀರೂ ಹುಲ್ಲೂ ಇರುವ ಬಯಲಿಗೆ ಹೋಗಿ, ಅಲ್ಲಿನ ಒಂದು ಊರ ಬಳಿ ಡೇರೆ ಹಾಕಿ, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಚಾರ್ಟಿನ ಮೇಲೆ ಆ ಬಯಲು ಬರೆಯುವಷ್ಟರಲ್ಲಿ ನನ್ನ ಹಸಿರು ಸ್ಕೆಚ್ ಪೆನ್ ಬತ್ತಿಹೋಯಿತು.

ಕಥೆ ಹೇಳಲು ನಾನು ಆರಿಸಿದ್ದು ಕುರಿ ಸಾಕುವ ಮನೆಯ ಹತ್ತು ವರ್ಷದ ಹುಡುಗಿಯನ್ನು. ಅವಳ ಮನೆಯವರು ನಮ್ಮ ಸಭೆಯವರಲ್ಲ. ಮೊದಲ ದಿನ ಹಾಡು ಕೇಳಿ ಬಾಗಿಲಲ್ಲಿ ಇಣುಕಿ, ಮರುದಿನ ಒಳಗೆ ಬಂದವಳು. ದನಿ ಎತ್ತಿದರೆ ರೈಲ್ವೆ ಸ್ಟೇಷನ್ನಿಗೆ ಕೇಳಬೇಕು, ಅಂಥ ಗಂಟಲು.

ಒಂಬತ್ತನೆಯ ದಿನ ಅಭ್ಯಾಸ ನಡೆಸುವಾಗ, “ಯಾರು ಆರಿಸಿದ್ದು ತಪ್ಪು?” ಎಂದು ಕೇಳಿದೆ. ದುರಾಸೆಯ ಲೋಟನದು ಎಂದು ಅವಳು ಹೇಳಬೇಕಿತ್ತು.

“ಲೋಟಂದು ಸರಿ ಐತಿ ಟೀಚರ್. ಕುರಿ ಇಟಗಂಡಾತ ಹುಲ್ಲು ಬಿಟ್ಟು ಕಲ್ಲಿಗೆ ಹೋಕ್ಕಾನೇನು?”

ಉಳಿದ ಮಕ್ಕಳೆಲ್ಲ ಹೌದೌದು ಎಂದು ಅವಳ ಕಡೆ ಸೇರಿಬಿಟ್ಟರು.

“ನಾ ಹೇಳಿಕೊಟ್ಟಷ್ಟು ಹೇಳು!”

“ಸುಳ್ಳು ಹೆಂಗ ಹೇಳ್ಲಿ?”

ನನ್ನ ಪಿತ್ತ ನೆತ್ತಿಗೇರಿತು. “ಹಂಗಾದ್ರ ನಾಳೆ ಬರಬ್ಯಾಡ ಹೋಗು” ಎಂದುಬಿಟ್ಟೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೇಹೋದಳು. ಓಣಿ ತಿರುಗುವ ಮೊದಲೇ ಕೂಗಿ ಕರೆಯಬೇಕೆನಿಸಿತು, ಆದರೆ ಬಿಗುಮಾನ ಬಿಡಲಿಲ್ಲ. ಸಂಜೆಯ ತನಕ ಒದ್ದಾಡಿ, ಕಡೆಗೆ ಅವಳ ಮನೆ ಹುಡುಕಿಕೊಂಡು ಹೊರಟೆ.

ಅವಳ ಅಜ್ಜ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದ. ಹುಡುಗಿ ನನ್ನನ್ನು ಕಂಡದ್ದೇ ಬಾಗಿಲ ಹಿಂದೆ ಸೇರಿಕೊಂಡಳು. ನಡೆದದ್ದನ್ನೂ ಕಥೆಯನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅಜ್ಜ ನೂಲುವುದನ್ನು ನಿಲ್ಲಿಸಲಿಲ್ಲ.

“ಹುಲ್ಲಿಗೆ ಹೋಗಾದು ತಪ್ಪಲ್ಲ ಬಿಡವ್ವ. ಆ ಊರ ಮಂದಿ ಹೆಂಗ ಅದಾರ ಅಂತ ಆತ ಕೇಳಿದ್ನೇನು?”

“ಯಾಕ್ರಿ?”

“ಕುರಿ ಹೊಡಕಂಡು ಹೋಗಾಕ ಮದ್ಲು ನಾವು ಒಬ್ಬನ್ನ ಮುಂದ ಕಳಸ್ತೀವಿ. ಬರೇ ಮೇವು ನೋಡಾಕಲ್ಲ, ಮಂದಿ ಹೆಂಗ ಅಂತ ಕೇಳಾಕ. ಹಡಗಲಿ ಕಡೆ ಹೊಳಿ ದಂಡ್ಯಾಗ ಒಮ್ಮಿ ಹುಲ್ಲು ಕಂಡು, ಕೇಳದ ಇಳಕಂಡ್ವಿ. ಬೆಳಗಾಗಾದ್ರಾಗ ನಾಕು ಕುರಿ ಇಲ್ಲ!”

ಚೀಲದಿಂದ ಬೈಬಲ್ ತೆಗೆದು ನೋಡಿದೆ. ಲೋಟ ಡೇರೆ ಹಾಕಿದ ಮಾತಿನ ಬೆನ್ನಿಗೇ, ಆ ಊರಿನ ಜನ ಬಹಳ ಕೆಟ್ಟವರು ಎಂದು ಬರೆದಿತ್ತು. ಮಕ್ಕಳಿಗೆ ಅದೆಲ್ಲ ಯಾಕೆ ಎಂದು ನಾನೇ ಹಾರಿಸಿದ್ದೆ. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಬಾಗಿಲಿನ ಕಡೆ ತಿರುಗಿ, “ತಪ್ಪು ನಂದ ಐತಿ. ನಾಳೆ ಬಾರವ್ವ, ನಿನಗ ಖರೆ ಅನಿಸಿದ್ದ ಹೇಳು” ಎಂದೆ. ಬಾಗಿಲ ಹಿಂದೆ ಬಳೆ ಸದ್ದು ಕೇಳಿತು.

ಮರುದಿನ ಹಿರಿಯರು ಮುಂದಿನ ಕುರ್ಚಿಗಳಲ್ಲಿ ಕುಳಿತಾಯಿತು, ಮೂರು ಹಾಡೂ ಮುಗಿದವು. ನನ್ನ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಅವಳು ಬಂದಳು, ಹಿಂದೆ ಕಂಬಳಿ ಹೊದ್ದ ಅಜ್ಜ. ಕಥೆಯನ್ನು ಗಡಗಡನೆ ಹೇಳಿ, ಲೋಟ ಆರಿಸುವಲ್ಲಿಗೆ ಬಂದು ನಿಂತಳು.

“ಲೋಟ ಹುಲ್ಲು ನೋಡಿದ. ಆ ಊರ ಮಂದಿ ಹೆಂಗ ಅಂತ ಕೇಳಲಿಲ್ಲ. ಅದ ತಪ್ಪಾತು. ನಮ್ಮಜ್ಜ ಆಗಿದ್ರ ಕೇಳ್ತಿದ್ದ!”

ಮಂದಿರವೆಲ್ಲ ನಗೆಯಲ್ಲಿ ಮುಳುಗಿತು. ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭಾನುವಾರದ ತರಗತಿ ನನ್ನದಾಯಿತು.

ಬಿಸ್ಕತ್ತು ಹಂಚುವಾಗ ಅಜ್ಜನನ್ನು ಕೇಳಿದೆ: “ನೀವು ನಮ್ಮ ಸಭಾದಾರಲ್ಲ. ಮೊಮ್ಮಗಳನ್ನ ಇಲ್ಲಿಗೆ ಹೆಂಗ ಕಳಿಸಿದ್ರಿ?”

“ಕೇಳದ ಕಳಸ್ತೀನೇನವ್ವ? ಆ ಟೀಚರ್ ಹೆಂಗ ಅದಾಳ ಅಂತ ಮದ್ಲ ನಿಮ್ಮ ಓಣ್ಯಾಗ ಕೇಳಿದ್ನಿ.”

“ಏನಂದ್ರು?”

ಅಜ್ಜ ಮೊಮ್ಮಗಳ ಮುಖ ನೋಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಸಿಟ್ಟು ಭಾಳ, ಮನಸಿನ್ಯಾಗ ಏನೂ ಇಟಗಳಂಗಿಲ್ಲ ಅಂದ್ರು. ಅದಕ್ಕ ನಿನ್ನಿ ಈಕಿ ಅಳಕೋತ ಬಂದಾಗ ಹೇಳಿದ್ನಿ, ಸುಮ್ಕಿರು, ಸಂಜೀಕ ಆಕೀನ ಬರ್ತಾಳ ಅಂತ.”