ಪಂಚಮಿಗೆ ನಡುಗಿದ ಕಾರು

ಪ್ಲಗ್ ಹೋಗಿರಬಹುದು. ಪೆಟ್ರೋಲಿಗೆ ನೀರು ಬೆರೆತಿರಬಹುದು. ಏರ್ ಫಿಲ್ಟರಿನಲ್ಲಿ ಇಲಿ ಮರಿ ಹಾಕಿರಬಹುದು. ಎಂಜಿನ್ನಿಗೆ ಆಸರೆಯಾದ ರಬ್ಬರು ಹರಿದಿರಬಹುದು. ಇಂಜೆಕ್ಟರಿನಲ್ಲಿ ಕಸ, ವೈರಿನಲ್ಲಿ ತುಕ್ಕು, ಯಾರದೋ ಕೆಟ್ಟ ಕಣ್ಣು. ಕಾರು ಸುಮ್ಮನಿದ್ದು ನಾನೇ ನಡುಗುತ್ತಿರಲೂಬಹುದು. ಐವತ್ತು ದಾಟಿದ ಮೇಲೆ ಅದನ್ನೂ ತಳ್ಳಿಹಾಕುವಂತಿಲ್ಲ.

ಓಡುವಾಗ ಅದಕ್ಕೆ ಏನೂ ಆಗುತ್ತಿರಲಿಲ್ಲ. ನಿಂತಾಗ ಮಾತ್ರ, ಎಕ್ಸಿಲರೇಟರ್ ಮೇಲಿನ ಕಾಲೆತ್ತಿದರೆ ಸಾಕು, ಮಲೇರಿಯಾ ಬಂದವರಂತೆ ಗಡಗಡ. ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರು ಒಮ್ಮೆ ಎಂಜಿನ್ ಬಂದ್ ಆಗಿಯೇಬಿಟ್ಟಿತು. ಶುರುವಾದದ್ದು ನಾಗರ ಅಮಾವಾಸ್ಯೆಯ ಮರುದಿನ. ಪಂಚಮಿಗೆ ತಾವರಗೇರಾಕ್ಕೆ ಹೋಗಿ ಅಕ್ಕನನ್ನು ಕರೆತರಬೇಕಿತ್ತು.

ಅವ್ವ ತೀರಿಕೊಂಡ ಮೇಲಿನ ಮೊದಲ ಪಂಚಮಿ ಅದು. ನಮ್ಮ ಕಡೆ ಈ ಹಬ್ಬಕ್ಕೆ ಅಣ್ಣನೋ ತಮ್ಮನೋ ಹೋಗಿ ಕರೆದರೇ ಹೆಣ್ಣುಮಕ್ಕಳು ತವರಿಗೆ ಬರುವುದು. ತಾವಾಗಿ ಬಸ್ಸು ಹತ್ತುವುದಿಲ್ಲ. ಕರೆತರುವುದೂ ಹಾಲೆರೆಯುವ ಹಿಂದಿನ ದಿನ, ರೊಟ್ಟಿ ಹಬ್ಬಕ್ಕೆ; ನಾಗಪ್ಪನಿಗೆ ಹಾಲೆರೆಯುವುದು ತವರಿನಲ್ಲೇ. ಅಕ್ಕ ಫೋನಿನಲ್ಲಿ ಕೇಳಿದ್ದಳು: "ಅವ್ವ ಇದ್ದಾಗ ಆಕಿ ನಿನ್ನ ದೂಡಿ ಕಳಸ್ತಿದ್ಲು. ಈಗ ಯಾರು ದೂಡ್ತಾರೋ ತಮ್ಮಾ?"

"ದೂಡೂದ್ಯಾಕ ಯಕ್ಕಾ? ಕಾರು ತಗೊಂಡ ಬರ್ತೀನಿ. ರೊಟ್ಟಿ ಹಬ್ಬದ ಮುಂಜಾನಿ ನಿಮ್ಮ ಬಾಗಲದಾಗ ಇರ್ತೀನಿ."

ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿಗೊಟ್ಟು, "ಮಿಸ್ಸಿಂಗ್ ಐತ್ರಿ ಸರ. ಪ್ಲಗ್ ತಗದು ಹೊಸಾವು ಹಾಕೂಣು," ಎಂದ. ಹಾಕಿದೆವು. ನಡುಗಿತು. "ಹಂಗಾದ್ರ ಕಾಯಿಲ್ ಇರಬೇಕ್ರಿ." ಅದನ್ನೂ ಬದಲಿಸಿದೆವು. ನಡುಗಿತು. ಇನ್ನುಳಿದ ಸಾಮಾನು ಗಂಗಾವತಿಯಿಂದ ಬರಬೇಕು, ಹಬ್ಬಕ್ಕೆ ಅಂಗಡಿ ಬಂದ್ ಎಂದ.

"ಇದರಾಗ ತಾವರಗೇರಾ ಮುಟ್ಟಬೌದೇನಪಾ?"

"ಮುಟ್ಟಬೌದ್ರಿ. ಮುಟ್ಟದನೂ ಇರಬೌದು."

ಚಿಂತೆಯ ಚಟ ಇರುವವನಿಗೆ ಆ ಎರಡನೆಯ ವಾಕ್ಯವನ್ನು ಯಾರೂ ಹೇಳಬಾರದು.

"ಬಸ್ಸಿಗೆ ಹೋಗಿ ಬರ್ರಿ, ತಾವರಗೇರಾ ಏನ್ ಲಂಡನ್ನೇನು?" ಎಂದಳು ಹೆಂಡತಿ. ಆದರೆ ಕಾರು ಎಂದು ಹೇಳಿಬಿಟ್ಟಿದ್ದೆ. ಅಕ್ಕ ಅದನ್ನು ಆ ಮನೆಯ ಉಳಿದ ಸೊಸೆಯಂದಿರ, ತನ್ನ ನೆಗೆಣ್ಣಿಯರ ಮುಂದೆ ಆಡಿರುತ್ತಾಳೆ. ನಾನು ಬಸ್ಸಿಳಿದು ಹೋದರೆ ಅವಳ ಮುಖ ಏನಾಗಬೇಕು? ಹೀಗೆ ಅವಳ ಮರ್ಯಾದೆ ಕಾಯುತ್ತಾ ರೊಟ್ಟಿ ಹಬ್ಬದ ದಿನವಿಡೀ ಗ್ಯಾರೇಜಿನಲ್ಲಿ ಕೂತಿದ್ದೆ. ಸಂಜೆಯಾದ ಮೇಲೆ, ನಾಳೆ ಬರ್ತೀನಿ ಎಂದು ಫೋನ್ ಮಾಡಿದರೆ "ಹೂಂ" ಎಂದಳು, ಅಷ್ಟೇ.

ನಾಗಪ್ಪನಿಗೆ ಹಾಲೆರೆಯುವ ದಿನ ಧೈರ್ಯ ಮಾಡಿ, ದಾರಿಯುದ್ದಕ್ಕೂ ಎಲ್ಲಿಯೂ ನಿಲ್ಲದೆ, ದನಗಳಿಗೂ ದಾರಿ ಬಿಡದೆ ಹೋಗಿ ಮುಟ್ಟಿದೆ. ಅಕ್ಕನ ಮನೆ ಮುಂದೆ ನಿಂತದ್ದೇ ಕಾರು ಗಡಗಡಿಸಿತು. ನೆಗೆಣ್ಣಿಯರಿಬ್ಬರೂ ತವರಿಗೆ ಹೋಗಿಯಾಗಿತ್ತು. ಒಬ್ಬಳನ್ನು ಅವಳ ಅಣ್ಣ ಸೈಲೆನ್ಸರ್ ಒಡೆದ ಬೈಕಿನಲ್ಲಿ ಬಂದು ಕರೆದೊಯ್ದಿದ್ದನಂತೆ. ಅಕ್ಕ ಒಬ್ಬಳೇ ಹಾಲೆರೆದು ಬಂದು ಕೈ ತೊಳೆಯುತ್ತಿದ್ದಳು.

"ನಿನ್ನ ಕಾರಿಗೆ ಚಳಿಜ್ವರ ಬಂದೈತೇನೋ?"

"ನಡಿ ಯಕ್ಕಾ, ಹೋಗೂಣು."

"ಹಾಲು ಎರದ ಮ್ಯಾಲೆ ಎಲ್ಲೀಗೆ? ನಿನ್ನೆ ಸಂಜೀತನಾ ಚೀಲ ಕಟಗೊಂಡು ಕುಂತಿದ್ದೆ. ಈಗ ಬಿಚ್ಚಿ ಇಟ್ಟೀನಿ."

ಆಮೇಲೆ ಎಳ್ಳುಂಡಿ, ಶೇಂಗಾ ಉಂಡಿಗಳ ತಾಟು ತಂದು, ಬೀಗರಿಗೆ ಇಡುವ ಹಾಗೆ ನನ್ನ ಮುಂದಿಟ್ಟಳು.

"ತಿನ್ರಿ," ಎಂದಳು.

ನಾನು ಹುಟ್ಟಿದಾಗಿನಿಂದ ನನಗೆ 'ರಿ' ಹಚ್ಚಿದವಳಲ್ಲ.

ಒಬ್ಬನೇ ಮನೆಗೆ ಬಂದು ಎಂಜಿನ್ ಬಂದ್ ಮಾಡದೆ ಬಾನೆಟ್ ಎತ್ತಿದೆ. ಹೋಗಬೇಕಾದ ಊರು ಯಾವುದೂ ಉಳಿದಿರಲಿಲ್ಲವಾದ್ದರಿಂದ ಮೊದಲ ಸಲ ಪುರುಸೊತ್ತಿನಿಂದ ಕಿವಿಗೊಟ್ಟೆ. ಒಳಗೆಲ್ಲೋ 'ಸುಯ್' ಎನ್ನುತ್ತಿತ್ತು. ಅದರ ಜಾಡು ಹಿಡಿದು ಬಗ್ಗಿದರೆ, ಎಂಜಿನ್ ಗಾಳಿ ಎಳೆಯುವ ಸಣ್ಣ ರಬ್ಬರ್ ಪೈಪಿಗೆ ಒರಗಿಕೊಂಡು ಒಂದು ಊದಿನಕಡ್ಡಿಯ ತುಂಡು. ಅಮಾವಾಸ್ಯೆಯ ದಿನ, ತಾವರಗೇರಾ ದಾರಿಯಲ್ಲಿ ಏನೂ ಕೆಡದಿರಲಿ ಎಂದು ಮುಂದೆ ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಎಂಜಿನ್ನಿಗೂ ಇರಲಿ ಎಂದು ನಾನೇ ಹಚ್ಚಿ ಸಂದಿಯಲ್ಲಿ ಸಿಗಿಸಿದ್ದು. ಅದರ ಕೆಂಡ ಪೈಪನ್ನು ಸುಟ್ಟಿತ್ತು. ಬೆರಳಿಟ್ಟರೆ ನಡುಕ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಶುರುವಾಗುತ್ತಿತ್ತು: ಜೋಳದ ಕಾಳಿನಷ್ಟೂ ಇಲ್ಲದ ಒಂದು ತೂತು.